ವಲಸೆ ಬಂದ ಪ್ರೌಢರಿಗೆ ಇಂಗ್ಲಿಷಿನ ಮೊದಲ ಪಾಠಗಳು

ಹೊಟ್ಟೆಪಾಡಿಗಾಗಿ ಆಗಲಿ, ಯುದ್ಧಕ್ಷಾಮಗಳಿಂದ ತಪ್ಪಿಸಿಕೊಳ್ಳುವುದಕ್ಕಾಗಿ ಆಗಲಿ, ದೂರದಲ್ಲಿ ನೆಲಸಿದ ಮಕ್ಕಳ ಜೊತೆಯಲ್ಲಿರಬೇಕೆಂಬ ಆಸೆಯಿಂದಾಗಲಿ ಹುಟ್ಟಿದ ನಾಡನ್ನು ಬಿಟ್ಟು ಇಂಗ್ಲಿಷಾಡುವ ದೇಶಗಳಿಗೆ ಹೋದ ಪ್ರೌಢರಿಗೆ ಆ ಭಾಷೆಯ ಮೊದಲ ಪಾಠಗಳನ್ನು ಹೇಗೆ ಹವಣಿಸಬೇಕೆಂಬುದು, ಮೇಲುನೋಟಕ್ಕೆ, ಉಪಾಧ್ಯಾಯರ ಕಸುಬಿಗೆ ಮಾತ್ರ ಸೇರಿದ ಅಲ್ಪವಿಷಯವೆಂದು ತೋರಬಹುದು. ಆದರೆ ಕಳೆದ ನೂರು ವರ್ಷಗಳಿಗಿಂತ ಹೆಚ್ಚಿನ ಕಾಲದಲ್ಲಿ ಈ ಪಾಠಗಳು ಪಡೆದ ರೂಪಗಳನ್ನು ಒಂದರ ಪಕ್ಕದಲ್ಲೊಂದನ್ನಿಟ್ಟು ನೋಡಿದರೆ, ಮೊದಲ ಹತ್ತು ಪಾಠಗಳಲ್ಲಿ ಯಾವ ಮಾತುಗಳನ್ನು ಕಲಿಸುವುದು, ಯಾವುವನ್ನು ಬಿಡುವುದು ಎಂಬ ಆಯ್ಕೆಯೊಳಗೆ, ಬಂದವನನ್ನು ಆ ನಾಡು ಯಾವ ಸ್ಥಾನದಲ್ಲಿ ಕುಳ್ಳಿರಿಸಲು ಬಯಸುತ್ತದೆ ಎಂಬ ತೀರ್ಮಾನವೂ ಅಡಗಿರುವುದು ಕಂಡುಬರುತ್ತದೆ.

ಪ್ರೌಢನಿಗೆ ಭಾಷೆ ಕಲಿಸುವುದಕ್ಕೂ ಮಗುವಿಗೆ ಕಲಿಸುವುದಕ್ಕೂ ಇರುವ ಭೇದಗಳಲ್ಲಿ ಮುಖ್ಯವಾದುದು ಬುದ್ಧಿಯ ಭೇದವಲ್ಲ, ಹೊತ್ತಿನ ಭೇದ. ವಾರಕ್ಕೆ ಎರಡು ಸಂಜೆ, ಸಂಜೆಗೆ ಒಂದೂವರೆ ಗಂಟೆ, ಹೀಗೆ 36 ವಾರ ತಪ್ಪದೆ ಬಂದವನಿಗೆ ದೊರೆಯುವುದು 108 ಗಂಟೆಗಳ ಪಾಠ. ಮನೆಯಲ್ಲಿ ದಿನಕ್ಕೆ ಎಂಟು ಗಂಟೆ ಕಾಲ ಮಾತು ಕೇಳುತ್ತಿರುವ ಕೂಸಿಗೆ ಇಷ್ಟು ಶ್ರವಣವು 14 ದಿನಗಳಲ್ಲಿ ಮುಗಿದುಹೋಗುತ್ತದೆ. ಇದರ ಮೇಲೆ ಪ್ರೌಢನು ದಿನವೆಲ್ಲ ದುಡಿದು ದಣಿದು ಬಂದಿರುತ್ತಾನೆ. ತನ್ನ ಊರಿನಲ್ಲಿ ನಾಲ್ಕು ಜನರ ನಡುವೆ ತೂಕವಾಗಿ ಮಾತನಾಡಿ ಅಭ್ಯಾಸವಾದವನು ಇಲ್ಲಿ ತೊದಲಬೇಕಾಗುತ್ತದೆ. ಮಗುವು ತೊದಲಿದರೆ ಸುತ್ತಲಿನವರು ಮುದ್ದಿಸುತ್ತಾರೆ. ಐವತ್ತು ವಯಸ್ಸಿನವನು ತೊದಲಿದರೆ ನಗುತ್ತಾರೆ, ಇಲ್ಲವೆ ಮುಖ ತಿರುಗಿಸುತ್ತಾರೆ. ಈ ಎರಡು ಸಂಗತಿಗಳನ್ನು, ಎಂದರೆ ಹೊತ್ತಿನ ಕೊರತೆಯನ್ನೂ ಮಾನದ ಪ್ರಶ್ನೆಯನ್ನೂ, ಮರೆತು ಮಾಡಿದ ಪಾಠಯೋಜನೆಗಳೆಲ್ಲವೂ ಒಂದು ತಿಂಗಳೊಳಗೆ ಬರಿಯ ಬೆಂಚುಗಳಿಗೆ ಪಾಠ ಹೇಳುವ ಸ್ಥಿತಿಗೆ ಬರುವುವು.

ಈ ಸಮಸ್ಯೆಯು ದೊಡ್ಡ ಪ್ರಮಾಣದಲ್ಲಿ ಮೊದಲು ತಲೆದೋರಿದ್ದು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ. 1907ರ ಒಂದೇ ವರ್ಷದಲ್ಲಿ ಅಲ್ಲಿಗೆ ಬಂದಿಳಿದವರ ಸಂಖ್ಯೆ 12,85,349. ಇವರಲ್ಲಿ ಹೆಚ್ಚಿನವರು ಇಟಲಿ, ಪೋಲೆಂಡ್, ಹಂಗೆರಿ, ರಷ್ಯ ಮೊದಲಾದ ನಾಡುಗಳ ರೈತರೂ ಕೂಲಿಗಾರರೂ ಆಗಿದ್ದರು. ಅದರ ಹಿಂದಿನ ವರ್ಷ, ಎಂದರೆ 1906ರಲ್ಲಿ, ಪೌರತ್ವವನ್ನು ಬೇಡುವವನು ಇಂಗ್ಲಿಷು ಮಾತನಾಡಬಲ್ಲವನಾಗಿರತಕ್ಕದ್ದೆಂದು ಶಾಸನವಾಗಿದ್ದಿತು. 1917ರ ಶಾಸನವು ಹದಿನಾರು ವಯಸ್ಸು ಮೀರಿದವರು ಯಾವುದಾದರೊಂದು ಭಾಷೆಯಲ್ಲಿ ಮೂವತ್ತು ನಲವತ್ತು ಪದಗಳನ್ನು ಓದಿ ತೋರಿಸಬೇಕೆಂದು ವಿಧಿಸಿತು. ಹೀಗೆ ಓದುಬರಹವು ದೇಶದ ಬಾಗಿಲಿನ ಅಗುಳಿಯಾಯಿತು. ಅದನ್ನು ತೆಗೆಯುವ ಬಗೆಯನ್ನು ಹೇಳಿಕೊಡಲು ಸಂಜೆಯ ಪಾಠಶಾಲೆಗಳು ಎದ್ದುವು. ಆ ಪಾಠಶಾಲೆಗಳಿಗೆ ಮೊದಮೊದಲು ದೊರೆತ ಪುಸ್ತಕಗಳಾದರೋ ಮಕ್ಕಳ ಒಂದನೆಯ ಪುಸ್ತಕಗಳೇ. ಕಲ್ಲಿದ್ದಲ ಗಣಿಯಿಂದ ಬಂದ ಗಡ್ಡಮೀಸೆಯ ಗಂಡಸು ಬೆಕ್ಕು ನಾಯಿಗಳ ಚಿತ್ರವನ್ನು ನೋಡಿ ಅವುಗಳ ಹೆಸರನ್ನು ಒಪ್ಪಿಸಬೇಕಾಗಿದ್ದಿತು.

ಇದಕ್ಕೆ ಬದಲಾಗಿ ಮೊಟ್ಟಮೊದಲು ಪ್ರೌಢರಿಗೆಂದೇ ಕ್ರಮಬದ್ಧವಾದ ಪಾಠಗಳನ್ನು ಕಟ್ಟಿದವರಲ್ಲಿ ಪೀಟರ್ ರಾಬರ್ಟ್ಸ್ ಎಂಬಾತನು ಪ್ರಮುಖನು. ಈತನು ವೇಲ್ಸಿನಲ್ಲಿ ಹುಟ್ಟಿದವನು. ಪೆನ್ಸಿಲ್ವೇನಿಯದ ಕಲ್ಲಿದ್ದಲ ಗಣಿಗಳ ಪ್ರಾಂತದಲ್ಲಿ ಪಾದ್ರಿಯಾಗಿದ್ದು ಗಣಿಗಾರರ ಜೀವನವನ್ನು ಹತ್ತಿರದಿಂದ ಕಂಡು, ಅದನ್ನು ಕುರಿತು 1904ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಅನಂತರ ತರುಣ ಕ್ರೈಸ್ತರ ಸಂಘವೆಂಬ ವೈ.ಎಂ.ಸಿ.ಎ. ಸಂಸ್ಥೆಯವರು ಆತನನ್ನು ವಲಸೆಗಾರರ ಕೆಲಸಕ್ಕೆ ನೇಮಿಸಿಕೊಂಡರು. 1909ರಲ್ಲಿ ಹೊರಬಿದ್ದ ಆತನ ಪಾಠಗಳು ಮೂವತ್ತು. ಹತ್ತು ಮನೆವಾರ್ತೆಯವು, ಹತ್ತು ಕೈಗಾರಿಕೆಯವು, ಹತ್ತು ವ್ಯಾಪಾರವ್ಯವಹಾರದವು. ಬೆಳಗ್ಗೆ ನಿದ್ರೆಯಿಂದೇಳುವುದು, ಒಲೆ ಹೊತ್ತಿಸುವುದು, ಕೆಲಸಕ್ಕೆ ಹೊರಡುವುದು, ಕೊಡುವುದು ಕೊಳ್ಳುವುದು, ಇಂಥವು ಪಾಠಗಳ ವಸ್ತುಗಳು.

ರಾಬರ್ಟ್ಸನ ಪದ್ಧತಿಗೆ ಬೀಜ ದೊರೆತದ್ದು ಫ್ರಾನ್ಸ್ವಾ ಗೊಯೆನ್ ಎಂಬ ಫ್ರೆಂಚ್ ಉಪಾಧ್ಯಾಯನಿಂದ. ಗೊಯೆನನ ಕಥೆಯು ಭಾಷಾಬೋಧನೆಯ ಚರಿತ್ರೆಯಲ್ಲಿ ಪ್ರಸಿದ್ಧವಾದುದು. ಅದರಲ್ಲಿ ಸ್ವಲ್ಪ ವಿನೋದವೂ ಬೇಕಾದಷ್ಟು ಕನಿಕರವೂ ಇದೆ. ಲ್ಯಾಟಿನ್ ಬೋಧಿಸುತ್ತಿದ್ದ ಆತನು ಜರ್ಮನ್ ಕಲಿಯಬೇಕೆಂದು ಹ್ಯಾಂಬರ್ಗ್ ನಗರಕ್ಕೆ ಹೋಗಿ, ಬಾಗಿಲು ಹಾಕಿಕೊಂಡು ವ್ಯಾಕರಣವನ್ನೂ ಅನಿಯತ ಕ್ರಿಯಾಪದಗಳನ್ನೂ ಬಾಯಿಪಾಠ ಮಾಡಿದನು. ವಿಶ್ವವಿದ್ಯಾಲಯಕ್ಕೆ ಹೋಗಿ ಕುಳಿತರೆ ಒಂದು ಮಾತೂ ತಿಳಿಯಲಿಲ್ಲ. ಧಾತುಗಳನ್ನು ಉರುಹಾಕಿದನು, ಆಗಲೂ ತಿಳಿಯಲಿಲ್ಲ. ಕೊನೆಗೆ ಮೂವತ್ತು ಸಾವಿರ ಪದಗಳ ನಿಘಂಟನ್ನೇ ಕಂಠಸ್ಥ ಮಾಡಿದನು. ಕಣ್ಣು ಕೆಟ್ಟಿತೇ ಹೊರತು ಭಾಷೆ ಬರಲಿಲ್ಲ. ಸೋತು ಊರಿಗೆ ಹಿಂದಿರುಗಿದಾಗ, ತಾನು ಹೋಗುವಾಗ ಮಾತೇ ಬಾರದಿದ್ದ ಮೂರು ವರ್ಷದ ಸೋದರಳಿಯನು ಧಾರಾಳವಾಗಿ ಮಾತನಾಡುತ್ತಿದ್ದನು. ಆ ಹುಡುಗನು ಒಂದು ದಿನ ಹಿಟ್ಟಿನ ಗಿರಣಿಯನ್ನು ನೋಡಿ ಬಂದು, ಮನೆಯಲ್ಲಿ ಅದನ್ನೇ ಆಟವಾಗಿ ಕಟ್ಟಿ, ಚೀಲ ತುಂಬುವುದು, ಹೊರುವುದು, ಸುರಿಯುವುದು, ಚಕ್ರ ತಿರುಗುವುದು ಎಂದು ಒಂದಾದಮೇಲೊಂದು ಕ್ರಿಯೆಯನ್ನು ಮಾಡುತ್ತ ಅದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತಿದ್ದುದನ್ನು ಗೊಯೆನನು ಗಮನಿಸಿದನು. ಭಾಷೆಯು ಮನಸ್ಸಿನಲ್ಲಿ ನಿಲ್ಲುವುದು ಪದಗಳ ಪಟ್ಟಿಯಾಗಿ ಅಲ್ಲ, ಕಾಲಕ್ರಮದಲ್ಲಿ ಒಂದನ್ನೊಂದು ಹಿಂಬಾಲಿಸುವ ಕ್ರಿಯೆಗಳ ಸರಣಿಯಾಗಿ ಎಂದು ನಿಶ್ಚಯಿಸಿ, 1880ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. 1892ರಲ್ಲಿ ಅದು ಇಂಗ್ಲಿಷಿಗೆ ಬಂದಿತು.

ಸರಣಿಯ ಪಾಠವೆಂದರೆ ಹೇಗಿರುವುದೆಂಬುದನ್ನು ಕನ್ನಡದಲ್ಲಿಯೇ ಒಂದು ಉದಾಹರಣೆಯಿಂದ ತಿಳಿಯಬಹುದು. ಊರಿಗೆ ಕಾಗದ ಹಾಕುವ ಸಂದರ್ಭವನ್ನು ತೆಗೆದುಕೊಂಡರೆ: ಕಾಗದವನ್ನು ಮಡಿಸುತ್ತೇನೆ, ಲಕೋಟೆಯೊಳಗೆ ಇಡುತ್ತೇನೆ, ಲಕೋಟೆಯನ್ನು ಅಂಟಿಸುತ್ತೇನೆ, ವಿಳಾಸವನ್ನು ಬರೆಯುತ್ತೇನೆ, ಅಂಚೆಚೀಟಿಯನ್ನು ಹಚ್ಚುತ್ತೇನೆ, ಅಂಚೆಪೆಟ್ಟಿಗೆಯ ಬಳಿಗೆ ನಡೆಯುತ್ತೇನೆ, ಕಾಗದವನ್ನು ಅದರೊಳಗೆ ಹಾಕುತ್ತೇನೆ. ಉಪಾಧ್ಯಾಯನು ಪ್ರತಿಯೊಂದು ವಾಕ್ಯವನ್ನೂ ಹೇಳುತ್ತ ಕೈಯಲ್ಲಿ ಮಾಡಿ ತೋರಿಸುವನು. ವಿದ್ಯಾರ್ಥಿಗಳು ತಾವೂ ಮಾಡುತ್ತ ಹೇಳುವರು. ಕಿವಿಗೂ ಬಾಯಿಗೂ ಹಿಡಿದಮೇಲೆ ಅದೇ ವಾಕ್ಯಗಳನ್ನು ಗೋಡೆಯ ಪಟದಲ್ಲಿ ಓದುವರು, ಆಮೇಲೆ ಬರೆಯುವರು. ಇದರಿಂದ ಎರಡು ಲಾಭಗಳುಂಟು. ತರಗತಿಯಲ್ಲಿ ಹತ್ತು ಭಾಷೆಯವರಿದ್ದರೂ ಉಪಾಧ್ಯಾಯನಿಗೆ ಅವುಗಳಲ್ಲಿ ಒಂದೂ ಬರಬೇಕಾಗಿಲ್ಲ. ಅವನು ಶಿಕ್ಷಣ ಪಡೆದ ಉಪಾಧ್ಯಾಯನೇ ಆಗಿರಬೇಕೆಂಬ ನಿರ್ಬಂಧವೂ ಇಲ್ಲ. ರಾಬರ್ಟ್ಸನ ಪಾಠಗಳನ್ನು ಸ್ವಯಂಸೇವಕರು ಸಾಗಿಸಿದರು. ಕನ್ನಡಿಗನಿಗಂತೂ ಇದರಲ್ಲಿ ವಿಶೇಷ ಲಾಭವೊಂದಿದೆ. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ತುದಿಯಲ್ಲಿ ನಿಂತು, ಮಾಡುವವನು ಯಾರೆಂಬುದನ್ನು ತನ್ನ ಪ್ರತ್ಯಯದಿಂದಲೇ ಸೂಚಿಸುವುದರಿಂದ ‘ನಾನು’ ಎಂದು ಹೇಳಬೇಕಾಗಿಯೇ ಇಲ್ಲ. ಇಂಗ್ಲಿಷಿನಲ್ಲಾದರೋ ‘ಐ’ ಎಂಬುದು ಪ್ರತಿಸಲವೂ ಬರಬೇಕು, ಅದರ ಬೆನ್ನಿಗೇ ಕ್ರಿಯಾಪದವು ನಿಲ್ಲಬೇಕು, ಕರ್ಮಪದವು ಕೊನೆಗೆ ಹೋಗಬೇಕು. ಏಳು ವಾಕ್ಯಗಳ ಸರಣಿಯು ಈ ಅಚ್ಚನ್ನು ಏಳು ಸಲ ಒತ್ತುತ್ತದೆ. ವ್ಯಾಕರಣದ ಹೆಸರನ್ನೇ ಎತ್ತಬೇಕಾಗಿಲ್ಲ.

ಹೀಗಿದ್ದರೂ ಸರಣಿಯ ಪದ್ಧತಿಯಲ್ಲಿರುವ ಕೊರತೆಯು ಚಿಕ್ಕದಲ್ಲ. ಕಾಗದವನ್ನು ಮಡಿಸುವವನು ‘ಮಡಿಸುತ್ತೇನೆ’ ಎಂದು ಯಾರಿಗೂ ಹೇಳುವುದಿಲ್ಲ. ಮನುಷ್ಯನು ಬಾಯಿ ತೆರೆಯುವುದು ತಾನು ಮಾಡುತ್ತಿರುವುದನ್ನು ವರ್ಣಿಸುವುದಕ್ಕಲ್ಲ. ಕೇಳುವುದಕ್ಕೆ, ಕೊಡುವುದಕ್ಕೆ, ಒಪ್ಪುವುದಕ್ಕೆ, ಒಲ್ಲೆನೆನ್ನುವುದಕ್ಕೆ. ಸರಣಿಯನ್ನು ಪೂರ್ತಿಯಾಗಿ ಕಲಿತವನು ಅಂಚೆಯ ಕಚೇರಿಗೆ ಹೋದಾಗ ಅಲ್ಲಿಯ ಗುಮಾಸ್ತನು ಒಂದು ಪ್ರಶ್ನೆ ಕೇಳಿದರೆ ಬೆಪ್ಪಾಗಿ ನಿಲ್ಲುವನು, ಏಕೆಂದರೆ ಆತನ ಪಾಠದಲ್ಲಿ ಎರಡನೆಯ ಮನುಷ್ಯನೇ ಇರಲಿಲ್ಲ.

ಆ ಎರಡನೆಯ ಮನುಷ್ಯನು ಪಾಠದಲ್ಲಿ ಬಂದಾಗಲೂ ಯಾವ ವೇಷದಲ್ಲಿ ಬಂದನೆಂಬುದನ್ನು ನೋಡಬೇಕು. ಕಾರ್ಖಾನೆಯವರು ತಾವೇ ಪಾಠಗಳನ್ನು ಬರೆಯಿಸಲು ತೊಡಗಿದಾಗ ಅವನು ಮೇಸ್ತ್ರಿಯ ವೇಷದಲ್ಲಿ ಬಂದನು. 1912ರ ಸುಮಾರಿನಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಎಂಬ ಬೇಸಾಯದ ಯಂತ್ರಗಳ ಕಂಪೆನಿಯು ತನ್ನ ಪೋಲಿಷ್ ಕೆಲಸಗಾರರಿಗೆಂದು ಮಾಡಿಸಿದ ಮೊದಲ ಪಾಠವು, ಸೀಟಿ ಕೇಳಿಸುವುದು, ಅವಸರಪಡುವುದು, ಹಾಜರಿಯ ಬಿಲ್ಲೆಯನ್ನು ತೆಗೆದುಕೊಳ್ಳುವುದು, ಸೀಟಿಯಾಗುವವರೆಗೆ ಕೆಲಸ ಬಿಡದಿರುವುದು ಎಂಬ ಸರಣಿಯಾಗಿದ್ದಿತು. ಭಾಷೆಯ ದೃಷ್ಟಿಯಿಂದ ಪಾಠವು ಅಚ್ಚುಕಟ್ಟಾದುದೇ. ವಾಕ್ಯಗಳು ಚಿಕ್ಕವು, ಕ್ರಮವು ಸಹಜ, ಪದಗಳು ಮರುದಿನವೇ ಕೆಲಸಕ್ಕೆ ಬರತಕ್ಕವು. ಆದರೆ ಆ ಪಾಠವನ್ನು ಓದಿದವನಿಗೆ ಕೂಲಿಯ ಲೆಕ್ಕ ತಪ್ಪಾಗಿದೆಯೆಂದು ಹೇಳಲು ಬೇಕಾದ ಒಂದು ವಾಕ್ಯವೂ ಅದರಲ್ಲಿರಲಿಲ್ಲ. ವಿಧೇಯತೆಗೆ ಬೇಕಾದ ಭಾಷೆಯು ಮೊದಲ ದಿನವೇ ದೊರೆಯಿತು. ಆಕ್ಷೇಪಣೆಗೆ ಬೇಕಾದ ಭಾಷೆಯು ದೊರೆಯಲಿಲ್ಲ.

ಫೋರ್ಡ್ ಮೋಟಾರು ಕಂಪೆನಿಯ ಶಾಲೆಯು ಈ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು. 1914ರ ಜನವರಿಯಲ್ಲಿ ದಿನಕ್ಕೆ ಐದು ಡಾಲರುಗಳ ಆದಾಯವನ್ನು ಸಾರಿ ಲೋಕವನ್ನು ಬೆರಗುಗೊಳಿಸಿದ ಆ ಕಂಪೆನಿಯು ಅದೇ ವರ್ಷ ರಾಬರ್ಟ್ಸನನ್ನು ಕರೆಯಿಸಿ ಡೆಟ್ರಾಯಿಟ್ ಬಳಿಯ ಹೈಲೆಂಡ್ ಪಾರ್ಕ್ ಕಾರ್ಖಾನೆಯಲ್ಲಿ ಇಂಗ್ಲಿಷು ಶಾಲೆಯನ್ನು ತೆರೆಯಿತು. ಪಾಠಗಳು 72, ಉಪಾಧ್ಯಾಯರು ಸಂಬಳವಿಲ್ಲದೆ ಕಲಿಸುವ ಅಲ್ಲಿನ ನೌಕರರೇ, ತರಗತಿಗಳು ಪಾಳಿಯ ಮೊದಲು ಅಥವಾ ಅನಂತರ. ಭಾಷೆಯ ಜೊತೆಗೆ ಸ್ನಾನ, ಶುಚಿ, ಊಟದ ಮರ್ಯಾದೆ, ಹಣ ಉಳಿಸುವುದು ಎಲ್ಲವೂ ಪಾಠಗಳಾದುವು. ವಿದ್ಯಾರ್ಥಿಗಳು ತೇರ್ಗಡೆಯಾದಾಗ ನಡೆಯುತ್ತಿದ್ದ ಉತ್ಸವವು ಹೆಸರಾದುದು: ರಂಗಸ್ಥಳದ ಮೇಲೆ ಹಡಗಿನ ಚಿತ್ರ, ಅದರ ಮುಂದೆ ದೊಡ್ಡದೊಂದು ಕಡಾಯಿ, ತಮ್ಮ ತಮ್ಮ ನಾಡಿನ ಉಡುಪು ಧರಿಸಿದವರು ಹಡಗಿನಿಂದಿಳಿದು ಕಡಾಯಿಯೊಳಗೆ ಹೋಗುವರು, ಉಪಾಧ್ಯಾಯರು ಉದ್ದನೆಯ ಸೌಟುಗಳಿಂದ ಕಲಕುವರು, ಅನಂತರ ಅವರೆಲ್ಲರೂ ಅಮೆರಿಕದ ಉಡುಪಿನಲ್ಲಿ ಬಾವುಟ ಹಿಡಿದು ಹೊರಬರುವರು. ಇದನ್ನು ಬರಿಯ ಹಾಸ್ಯವೆಂದು ತಳ್ಳಿಹಾಕುವುದು ಸರಿಯಲ್ಲ. ಅಲ್ಲಿ ಕಲಿತ ಸಾವಿರಾರು ಮಂದಿಗೆ ಆ ಇಂಗ್ಲಿಷು ನಿಜವಾಗಿಯೂ ಉಪಯೋಗಕ್ಕೆ ಬಂದಿರಬೇಕು. ಯಂತ್ರದ ಮೇಲೆ ಬರೆದ ಅಪಾಯದ ಸೂಚನೆಯನ್ನು ಓದಬಲ್ಲವನ ಕೈ ಉಳಿಯುತ್ತದೆ. ಆದರೆ ಕಲಿಯುವವನಿಗೆ ಭಾಷೆಯನ್ನು ಸೇರಿಸುವುದಕ್ಕೂ ಅವನಲ್ಲಿದ್ದುದನ್ನು ಕರಗಿಸುವುದಕ್ಕೂ ಇರುವ ಅಂತರವನ್ನು ಆ ಶಾಲೆಯು ಎಣಿಸಲೇ ಇಲ್ಲ. ಇದೇ ಕಾಲದಲ್ಲಿ, 1917ರಿಂದ, ನ್ಯೂಯಾರ್ಕಿನ ಹೆಂಗಸರ ಉಡುಪುಗಳ ಹೊಲಿಗೆ ಕೆಲಸಗಾರರ ಸಂಘವು ಸರ್ಕಾರಿ ಶಾಲೆಗಳ ಕಟ್ಟಡಗಳಲ್ಲಿ ಸಂಜೆಯ ಹೊತ್ತು ‘ಐಕ್ಯಕೇಂದ್ರ’ಗಳನ್ನು ನಡೆಸಿ, ಸಂಘದ ಸದಸ್ಯರಿಗೆ ಇಂಗ್ಲಿಷನ್ನು ಕಲಿಸುತ್ತಿದ್ದಿತು. ಒಂದೇ ನಾಡು, ಒಂದೇ ಭಾಷೆ, ಒಂದೇ ಬಗೆಯ ವಿದ್ಯಾರ್ಥಿಗಳು. ಆದರೆ ಒಂದು ಕಡೆ ಯಜಮಾನನು ಶಾಲೆಯನ್ನು ನಡೆಸಿದನು, ಇನ್ನೊಂದು ಕಡೆ ಕೂಲಿಗಾರರ ಸಂಘವು ನಡೆಸಿತು.

ಮುಂದಿನ ಮೂವತ್ತು ವರ್ಷಗಳ ಪ್ರಯತ್ನಗಳನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. 1930ರಲ್ಲಿ ಆಗ್ಡೆನ್ 850 ಪದಗಳ ಅಡಕವಾದ ಇಂಗ್ಲಿಷೊಂದನ್ನು ರೂಪಿಸಿದನು. ಪದಗಳು ಕಡಿಮೆಯಾದಷ್ಟೂ ಒಂದೊಂದು ಪದದ ಹೊರೆ ಹೆಚ್ಚಾಗುವುದೆಂಬ ತೊಡಕು ಅದರಲ್ಲಿದ್ದಿತು. ಎರಡನೆಯ ಮಹಾಯುದ್ಧವಾದಮೇಲೆ ಆಸ್ಟ್ರೇಲಿಯವು 1948ರಿಂದ ವಲಸೆಗಾರರಿಗೆ ಹಡಗಿನಲ್ಲಿಯೇ ಪಾಠವನ್ನು ಆರಂಭಿಸಿ, ಬೊನೆಗಿಲ್ಲ ಮೊದಲಾದ ಶಿಬಿರಗಳಲ್ಲಿಯೂ, ಅನಂತರ ಅಂಚೆಯ ಮೂಲಕವೂ ರೇಡಿಯೋ ಮೂಲಕವೂ ಮುಂದುವರಿಸಿತು. ಸರ್ಕಾರವು ಈ ಕೆಲಸವನ್ನು ತನ್ನ ಹೊಣೆಯೆಂದು ಒಪ್ಪಿಕೊಂಡುದು ಅಲ್ಲಿಯ ವಿಶೇಷ.

ಭಾರತೀಯರಿಗೆ ನೇರವಾಗಿ ಸಂಬಂಧಪಟ್ಟ ಅಧ್ಯಾಯವು ಇಂಗ್ಲೆಂಡಿನದು. ಲಂಡನ್ನಿನ ಪಶ್ಚಿಮಕ್ಕಿರುವ ಸೌತಾಲ್ ಎಂಬಲ್ಲಿ ಪಂಜಾಬಿನಿಂದ ಬಂದವರು ಹೆಚ್ಚಾಗಿ ನೆಲಸಿದ್ದರು. ಕಾರ್ಖಾನೆಗಳಲ್ಲಿಯೂ ವಿಮಾನನಿಲ್ದಾಣದಲ್ಲಿಯೂ ಕೆಲಸಮಾಡುತ್ತಿದ್ದ ಇವರಿಗಾಗಿ 1974ರಲ್ಲಿ ‘ಪಾತ್‌ವೇ’ ಎಂಬ ಕೈಗಾರಿಕಾ ಭಾಷಾಶಿಕ್ಷಣ ಕೇಂದ್ರವು ಅಲ್ಲಿ ಏರ್ಪಟ್ಟಿತು. ಪಾಠವು ಕೆಲಸದ ಸ್ಥಳದಲ್ಲಿಯೇ, ಕೆಲಸದ ಹೊತ್ತಿನಲ್ಲಿಯೇ ನಡೆಯಬೇಕೆಂಬುದು ಅದರ ನಿಯಮ. ಅದರೊಡನೆ ಕೆಲಸಮಾಡಿದ ಜಾನ್ ಗಂಪರ್ಜ್ ಎಂಬ ಭಾಷಾಶಾಸ್ತ್ರಜ್ಞನು ದಾಖಲಿಸಿರುವ ಪ್ರಸಂಗವೊಂದನ್ನು ಈ ವಿಷಯದಲ್ಲಿ ಆಸಕ್ತಿಯುಳ್ಳವರೆಲ್ಲರೂ ತಿಳಿದಿರಬೇಕು.

ದೊಡ್ಡ ವಿಮಾನನಿಲ್ದಾಣವೊಂದರ ಉಪಾಹಾರಗೃಹದಲ್ಲಿ ಹೊಸದಾಗಿ ಸೇರಿದ ಭಾರತ ಪಾಕಿಸ್ತಾನಗಳ ಹೆಂಗಸರು ಸಿಡುಕಿನವರು, ಸಹಕರಿಸದವರು ಎಂದು ಮೇಲ್ವಿಚಾರಕರೂ ಊಟಕ್ಕೆ ಬರುವ ಸಾಮಾನು ಸಾಗಿಸುವ ಕೆಲಸಗಾರರೂ ದೂರುತ್ತಿದ್ದರು. ಆ ಹೆಂಗಸರು ಆಡುತ್ತಿದ್ದ ಮಾತುಗಳಾದರೋ ಬಹಳ ಕಡಿಮೆ. ಮಾಂಸವನ್ನು ಆರಿಸಿಕೊಂಡವನಿಗೆ ಮೇಲೆ ಸಾರು ಬೇಕೇ ಎಂದು ಕೇಳಬೇಕು. ಇಂಗ್ಲಿಷ್ ಹೆಂಗಸಾದರೆ ‘ಗ್ರೇವಿ’ ಎಂಬ ಒಂದೇ ಮಾತನ್ನು ಸ್ವರ ಏರಿಸಿ ಹೇಳುವಳು. ಇವರು ಅದೇ ಮಾತನ್ನು ಸ್ವರ ಇಳಿಸಿ ಹೇಳುತ್ತಿದ್ದರು. ಕೇಳಿದವನ ಕಿವಿಗೆ ಮೊದಲನೆಯದು ಉಪಚಾರದ ಪ್ರಶ್ನೆ. ಎರಡನೆಯದು ‘ಇದು ಗ್ರೇವಿ, ಬೇಕಾದರೆ ತೊಗೋ’ ಎಂಬ ಉದಾಸೀನ. ಧ್ವನಿಮುದ್ರಣ ಮಾಡಿ ಇಬ್ಬರಿಗೂ ಕೇಳಿಸಿದಾಗ ಆ ಹೆಂಗಸರಿಗೆ ಮೊದಲು ಭೇದವೇ ತಿಳಿಯಲಿಲ್ಲ. ತಮ್ಮನ್ನು ಬೇರೆಯವರೆಂದು ಕೀಳಾಗಿ ಕಾಣುತ್ತಿದ್ದಾರೆಂಬ ನೋವು ಅವರಲ್ಲಿ ಬಹುದಿನದಿಂದ ಇದ್ದಿತು. ಉಪಾಧ್ಯಾಯರು ಬಿಡಿಸಿ ಹೇಳಿದಮೇಲೆ, ಎದುರಿನವರ ವರ್ತನೆಗೆ ಕಾರಣವೇನೆಂಬುದು ಅವರಿಗೂ, ಇಳಿದ ಸ್ವರವು ಈ ಹೆಂಗಸರ ಭಾಷೆಯಲ್ಲಿ ಸಹಜವಾಗಿ ಕೇಳುವ ರೀತಿಯೆಂಬುದು ಮೇಲ್ವಿಚಾರಕರಿಗೂ ಅರಿವಾಯಿತು.

ಭಾರತೀಯ ಅಲಂಕಾರಶಾಸ್ತ್ರದಲ್ಲಿ ಕಾಕು ಎಂಬ ಹೆಸರಿನಿಂದ ವಿಚಾರಿಸಲ್ಪಟ್ಟಿರುವ ಸಂಗತಿಯು ಇದೇ. ಒಂದೇ ವಾಕ್ಯವು ಧ್ವನಿವಿಕಾರದಿಂದ ವಿರುದ್ಧಾರ್ಥವನ್ನು ಕೊಡಬಲ್ಲುದೆಂದು ಲಾಕ್ಷಣಿಕರು ಬಹು ಹಿಂದೆಯೇ ಗುರುತಿಸಿದ್ದರು. ಕನ್ನಡನಾಡಿನ ಮದುವೆಯ ಪಂಕ್ತಿಯಲ್ಲಿ ಬಡಿಸುವವನು ‘ಹುಳಿ, ಹುಳಿ’ ಎಂದು ಸಮಸ್ವರದಲ್ಲಿ ಕೂಗುತ್ತ ಸಾಗುವುದನ್ನು ಯಾರೂ ಒರಟುತನವೆಂದು ಎಣಿಸುವುದಿಲ್ಲ. ಬೇಡವಾದವನು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾನೆ, ಅಷ್ಟೆ. ಅದೇ ಮನುಷ್ಯನು ಅದೇ ಸ್ವರವನ್ನು ಲಂಡನ್ನಿನ ಉಪಾಹಾರಗೃಹಕ್ಕೆ ಕೊಂಡುಹೋದರೆ ಅವನ ಮೇಲೆ ದೂರು ಬರುವುದು. ಪದಗಳನ್ನೂ ವ್ಯಾಕರಣವನ್ನೂ ತಪ್ಪಿಲ್ಲದೆ ಕಲಿಸಿದ ಪಾಠವು ಇಲ್ಲಿ ಒಂದಿಷ್ಟೂ ನೆರವಾಗಲಾರದು. ಗಂಪರ್ಜನು ಕನ್ನಡಿಗರಿಗೆ ಅಪರಿಚಿತನಲ್ಲವೆಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ನೆನೆಯಬಹುದು. ಸಾಂಗ್ಲಿ ಜಿಲ್ಲೆಯ ಕುಪ್ವಾಡ ಗ್ರಾಮದಲ್ಲಿ ಕನ್ನಡ, ಮರಾಠಿ, ಉರ್ದು ಭಾಷೆಗಳು ಒಂದೇ ಊರಿನ ಬಾಯಲ್ಲಿ ಶತಮಾನಗಳ ಕಾಲ ಕೂಡಿ ಬಾಳಿ, ಪದಗಳನ್ನು ಬೇರೆಬೇರೆಯಾಗಿ ಉಳಿಸಿಕೊಂಡೂ ವಾಕ್ಯರಚನೆಯಲ್ಲಿ ಒಂದರಂತೊಂದು ಆದುದನ್ನು 1971ರಲ್ಲಿ ವಿಲ್ಸನ್ ಎಂಬವನೊಡನೆ ಕೂಡಿ ವಿವರಿಸಿದವನು ಈತನೇ.

ವಾಕ್ಯಗಳ ವ್ಯಾಕರಣವನ್ನಲ್ಲದೆ ವಾಕ್ಯಗಳಿಂದ ಮನುಷ್ಯನು ಸಾಧಿಸುವ ಕೆಲಸಗಳನ್ನು ಪಟ್ಟಿಮಾಡಿ ಪಾಠಕ್ರಮವನ್ನು ರಚಿಸಬೇಕೆಂಬ ವಿಚಾರವು ಯೂರೋಪಿನಲ್ಲಿ ಬಲವಾದುದೂ ಈ ಕಾಲದಲ್ಲಿಯೇ; 1975ರಲ್ಲಿ ಫಾನ್ ಎಕ್ ಎಂಬಾತನು ಯೂರೋಪಿನ ಪರಿಷತ್ತಿಗಾಗಿ ರಚಿಸಿದ ‘ಹೊಸ್ತಿಲ ಮಟ್ಟ’ದ ವಿವರಣೆಯು ಅದರ ಫಲ. ಕೇಳಿಕೊಳ್ಳುವುದು, ನಿರಾಕರಿಸುವುದು, ಕ್ಷಮೆ ಬೇಡುವುದು, ದಾರಿ ಕೇಳುವುದು, ಇಂಥವೇ ಇಲ್ಲಿ ಪಾಠದ ಘಟಕಗಳು. ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ ಪ್ರಯೋಗವು ನಡೆದದ್ದು ದಕ್ಷಿಣ ಭಾರತದಲ್ಲಿ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಸಹಕಾರದಿಂದ ಕೆಲವು ಶಾಲೆಗಳಲ್ಲಿ, ವ್ಯಾಕರಣದ ಪಾಠವನ್ನೇ ಬಿಟ್ಟು, ರೈಲಿನ ವೇಳಾಪಟ್ಟಿಯನ್ನೋ ಭೂಪಟವನ್ನೋ ಮುಂದಿಟ್ಟು ಯೋಚಿಸಿ ಉತ್ತರ ಕಂಡುಹಿಡಿಯಬೇಕಾದ ಕೆಲಸಗಳ ಮೂಲಕವೇ ಇಂಗ್ಲಿಷನ್ನು ಕಲಿಸಿದರು. ‘ಬೆಂಗಳೂರು ಯೋಜನೆ’ ಎಂಬ ಹೆಸರಿನಿಂದಲೇ ಅದು ಲೋಕದಲ್ಲೆಲ್ಲ ಪ್ರಸಿದ್ಧವಾಯಿತು. ಅಲ್ಲಿ ಕಲಿತವರು ಮಕ್ಕಳೇ ಆದರೂ, ಕೆಲಸವೇ ಪಾಠದ ಘಟಕವಾಗಬೇಕೆಂಬ ತತ್ತ್ವವು ವಲಸೆಗಾರರ ತರಗತಿಗಳಲ್ಲಿ ಹೆಚ್ಚು ಸಹಜವಾಗಿ ಹೊಂದಿಕೊಳ್ಳುತ್ತದೆ. ಮಕ್ಕಳಿಗೆ ಕೆಲಸಗಳನ್ನು ಉಪಾಧ್ಯಾಯರು ಕಲ್ಪಿಸಿಕೊಡಬೇಕು. ಪ್ರೌಢನು ಅವುಗಳನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿರುತ್ತಾನೆ. ಬಾಡಿಗೆಯ ರಸೀತಿ, ಮಗುವಿನ ಶಾಲೆಯಿಂದ ಬಂದ ಓಲೆ, ಔಷಧದ ಸೀಸೆಯ ಚೀಟಿ, ಅರ್ಥವಾಗದ ಸರ್ಕಾರಿ ಪತ್ರ, ಇವೇ ಪಠ್ಯಪುಸ್ತಕ.

ಇಂಥ ಒಂದು ಮೊದಲ ಪಾಠವನ್ನು, ವಯಸ್ಸಾದ ಮೇಲೆ ಮಕ್ಕಳ ಬಳಿಗೆ ಅಮೆರಿಕಕ್ಕೆ ಹೋದ ಕನ್ನಡದ ಹೆಂಗಸೊಬ್ಬಳು ಇತರ ಭಾಷೆಯವರೊಡನೆ ಕುಳಿತಿರುವ ತರಗತಿಗೆ ಅನ್ವಯಿಸಿ ನೋಡಬಹುದು. ವಸ್ತುವು ವೈದ್ಯರ ಬಳಿಗೆ ಹೋಗುವುದೆಂದಿಟ್ಟುಕೊಂಡರೆ, ದೇಹದ ಅಂಗಗಳ ಹೆಸರುಗಳ ಪಟ್ಟಿಯಿಂದ ಆರಂಭಿಸುವುದು ವಾಡಿಕೆ. ಆದರೆ ತೊಡಕು ತಲೆದೋರುವುದು ವೈದ್ಯರ ಮುಂದಲ್ಲ, ಅದಕ್ಕೆ ಮೊದಲು, ಹೊರಗಿನ ಮೇಜಿನ ಬಳಿ. ಅಲ್ಲಿ ಕೇಳುವ ಮೊದಲ ಪ್ರಶ್ನೆಯು ಹೆಸರು. ಊರಿನ ಹೆಸರಿನ ಒಂದಕ್ಷರ, ತಂದೆಯ ಅಥವಾ ಗಂಡನ ಹೆಸರಿನ ಒಂದಕ್ಷರ, ಅನಂತರ ತನ್ನ ಹೆಸರು ಎಂಬ ಕನ್ನಡದ ಕ್ರಮಕ್ಕೂ, ಮೊದಲ ಹೆಸರು ಕುಲನಾಮ ಎಂಬ ಅಲ್ಲಿಯ ನಮೂನೆಗೂ ಹೊಂದಿಕೆಯಿಲ್ಲ. ಆಕೆಯ ಹೆಸರು ಒಂದು ಕಾಗದದಲ್ಲಿ ಒಂದು ವಿಧವಾಗಿಯೂ ಮತ್ತೊಂದರಲ್ಲಿ ಮತ್ತೊಂದು ವಿಧವಾಗಿಯೂ ಸೇರಿಹೋದರೆ ಅದರ ತೊಂದರೆ ವರ್ಷಗಟ್ಟಲೆ ಬಾಧಿಸುವುದು. ಆದುದರಿಂದ ರಾಹದಾರಿಯಲ್ಲಿರುವಂತೆಯೇ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುವುದನ್ನು ಮೊದಲ ದಿನವೇ ಕಲಿಸತಕ್ಕದ್ದು. ಎರಡನೆಯ ಪ್ರಶ್ನೆ ಹುಟ್ಟಿದ ದಿನ. 3-4 ಎಂದು ಬರೆದರೆ ಭಾರತದಲ್ಲಿ ಏಪ್ರಿಲ್ ಮೂರು, ಅಮೆರಿಕದಲ್ಲಿ ಮಾರ್ಚಿ ನಾಲ್ಕು. ತಿಂಗಳನ್ನು ಹೆಸರಿನಿಂದಲೇ ಹೇಳುವ ಅಭ್ಯಾಸವು ಇದಕ್ಕೆ ಪರಿಹಾರ. ಇನ್ನು ಸಂಖ್ಯೆಗಳಲ್ಲಿ ‘ಫಿಫ್ಟೀನ್’, ‘ಫಿಫ್ಟಿ’ ಎಂಬುವಕ್ಕಿರುವ ಭೇದವು ಬಹುಮಟ್ಟಿಗೆ ಒತ್ತು ಬೀಳುವ ಸ್ಥಾನದಲ್ಲಿದೆ. ಕನ್ನಡದಲ್ಲಿ ಒತ್ತಿನಿಂದ ಅರ್ಥಭೇದವಾಗುವುದಿಲ್ಲವಾದ ಕಾರಣ ಈ ಭೇದವು ಕನ್ನಡದ ಕಿವಿಗೆ ತಾನಾಗಿ ಕೇಳಿಸದು. ಔಷಧದ ಪ್ರಮಾಣವನ್ನು ಹೇಳುವಾಗ ಇದು ಉಚ್ಚಾರಣೆಯ ಸೊಗಸಿನ ಮಾತಾಗಿ ಉಳಿಯುವುದಿಲ್ಲ.

ಇವೆಲ್ಲಕ್ಕಿಂತ ಮುಂಚೆ ಕಲಿಸಬೇಕಾದ ವಾಕ್ಯಗಳು ನಾಲ್ಕೈದಿವೆ: ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ, ನಿಧಾನವಾಗಿ ಹೇಳಿ, ಬರೆದು ಕೊಡಿ, ಕನ್ನಡ ಬಲ್ಲ ದುಭಾಷಿ ಬೇಕು. ಬಹಳ ಪುಸ್ತಕಗಳಲ್ಲಿ ಇವು ಎಲ್ಲಿಯೋ ಕೊನೆಗೆ ಬರುತ್ತವೆ, ಕೆಲವದರಲ್ಲಿ ಬರುವುದೇ ಇಲ್ಲ. ಹತ್ತು ಪಾಠ ಕಲಿತು ಈ ವಾಕ್ಯಗಳನ್ನು ಅರಿಯದವಳು ಅರ್ಥವಾಗದಿದ್ದರೂ ‘ಯೆಸ್’ ಎಂದು ತಲೆಯಾಡಿಸಿ ಬರುವಳು. ಇವನ್ನು ಮಾತ್ರ ಕಲಿತವಳು ಎದುರಿನವನನ್ನು ನಿಲ್ಲಿಸಬಲ್ಲಳು. ಈ ವಾಕ್ಯಗಳನ್ನು ಕಲಿಸುವಾಗ ಮರ್ಯಾದೆಯ ಮಾತೂ ಬರುತ್ತದೆ. ಕನ್ನಡದಲ್ಲಿ ‘ಕೊಡು’ ಎಂಬುದಕ್ಕೂ ‘ಕೊಡಿ’ ಎಂಬುದಕ್ಕೂ ಇರುವ ಅಂತರವೆಲ್ಲ ಕೊನೆಯ ಸ್ವರದಲ್ಲಿ ಅಡಗಿದೆ. ‘ದಯವಿಟ್ಟು’ ಎಂದು ಬೇರೆ ಹೇಳುವುದು ಬಾಯಿಮಾತಿನ ವಾಡಿಕೆಯಲ್ಲ. ಇಂಗ್ಲಿಷಿನ ‘ಗಿವ್’ ಎಂಬ ಕ್ರಿಯೆಯಲ್ಲಿ ಆ ಸ್ವರಕ್ಕೆ ಎಡೆಯಿಲ್ಲ. ‘ಕೊಡಿ’ ಎಂದು ಮನಸ್ಸಿನಲ್ಲಿ ಗೌರವವಾಗಿಯೇ ನೆನೆದು ‘ಗಿವ್’ ಎಂದು ಹೇಳಿದವಳ ಗೌರವವು ದಾರಿಯಲ್ಲಿಯೇ ಕಳೆದುಹೋಗಿ, ಕೇಳಿದವನಿಗೆ ಬರಿಯ ಅಪ್ಪಣೆ ಮುಟ್ಟುತ್ತದೆ. ಆ ಗೌರವವನ್ನು ಇಂಗ್ಲಿಷು ಪ್ರಶ್ನೆಯ ರೂಪದಲ್ಲಿಟ್ಟಿದೆ; ‘ಕ್ಯಾನ್ ಯೂ’ ಎಂದು ಆರಂಭಿಸುವುದೇ ಕನ್ನಡದ ಆ ಇಕಾರ. ಹೀಗೆ ಒಂದು ಮಾತಿನಲ್ಲಿ ತಾಯ್ನುಡಿಯಿಂದ ಹೋಲಿಸಿ ತೋರಿಸಿದರೆ ಅರ್ಧಗಂಟೆಯ ಅಭಿನಯ ಉಳಿಯುತ್ತದೆ.

ತಾಯ್ನುಡಿಯನ್ನು ತರಗತಿಯಿಂದ ಹೊರಗಿಡಬೇಕೆಂಬ ಹಳೆಯ ನಿಯಮವನ್ನು ಎಲ್ಸಾ ಆಯರ್‌ಬಾಕ್ ಎಂಬ ವಿದುಷಿಯು 1993ರಲ್ಲಿ ಬಲವಾಗಿ ಪ್ರಶ್ನಿಸಿದಳು. ಬದುಕಲು ಬೇಕಾದಷ್ಟೇ ಇಂಗ್ಲಿಷೆಂದು ಹೆಸರಾದ ಪುಸ್ತಕಗಳು ವಲಸೆಗಾರನಿಗೆ ಕಲಿಸುತ್ತಿದ್ದುದು ತಗ್ಗಿ ನಡೆಯುವುದನ್ನೇ ಎಂದು ಅದಕ್ಕೆ ಮೊದಲೇ, 1985ರಲ್ಲಿ, ಆಕೆಯೂ ಬರ್ಜೆಸ್ ಎಂಬಾಕೆಯೂ ತೋರಿಸಿದ್ದರು. ತನ್ನ ಭಾಷೆಯಲ್ಲಿಯೇ ಓದುಬರಹ ಬಾರದವರಿಗೆ ಈ ನಿಯಮದಿಂದಾಗುವ ಕಷ್ಟವು ಎಲ್ಲರಿಗಿಂತ ಹೆಚ್ಚು. ಹಾಗೆಂದು ಕನ್ನಡವನ್ನು ಬಲ್ಲವಳು ಇಂಗ್ಲಿಷು ಮಾತುಗಳನ್ನೆಲ್ಲ ಕನ್ನಡದ ಅಕ್ಷರಗಳಲ್ಲಿ ಬರೆದುಕೊಳ್ಳುವುದಕ್ಕೆ ಪೂರ್ಣಸಮ್ಮತಿಯನ್ನು ಕೊಡುವಂತೆಯೂ ಇಲ್ಲ. ನೆನಪಿಗೆ ಅದು ಒಳ್ಳೆಯ ಊರುಗೋಲು. ಆದರೆ ಪಡುವಣ ದಿಕ್ಕು ಎಂಬ ಅರ್ಥದ ಮಾತೂ, ಒಳಗೆ ತೊಡುವ ಅಂಗಿ ಎಂಬ ಅರ್ಥದ ಮಾತೂ ಕನ್ನಡದಲ್ಲಿ ‘ವೆಸ್ಟ್’ ಎಂದೇ ಬರೆಯಲ್ಪಡುವುದರಿಂದ, ತುಟಿಯನ್ನು ದುಂಡಗೆ ಮಾಡುವ ಧ್ವನಿಗೂ ಹಲ್ಲಿಗೆ ತುಟಿ ತಾಗಿಸುವ ಧ್ವನಿಗೂ ಇರುವ ಭೇದವು ಆ ಬರಹದಲ್ಲಿಯೇ ಅಳಿಸಿಹೋಗುತ್ತದೆ. ಮೊದಲ ಒಂದೆರಡು ತಿಂಗಳು ಬರೆದುಕೊಳ್ಳಲಿ. ಭೇದವಿರುವ ಎಡೆಗಳಲ್ಲಿ ಉಪಾಧ್ಯಾಯರು ಒಂದು ಗುರುತು ಹಾಕಿಸಿದರೆ ಸಾಕು.

ಕಾಗದದ ಮೇಲೆ ಎಷ್ಟು ಸರಿಯಾಗಿ ಹವಣಿಸಿದ ಯೋಜನೆಯನ್ನೂ ಕೆಡಿಸುವ ಸಂಗತಿಯೊಂದಿದೆ, ಅದು ಗೈರುಹಾಜರಿ. ಪಾಳಿ ಬದಲಾಗುವುದು, ಮೊಮ್ಮಗುವಿಗೆ ಜ್ವರ ಬರುವುದು, ಹಿಮ ಬೀಳುವುದು. ಹನ್ನೆರಡು ಮಂದಿಯ ತರಗತಿಗೆ ಎಂಟು ಮಂದಿ ಬರುವರು, ಮರುವಾರ ಬೇರೆ ಎಂಟು ಮಂದಿ. ಹತ್ತನೆಯ ಪಾಠವು ಒಂಬತ್ತನೆಯದರ ಮೇಲೆಯೇ ನಿಂತಿದ್ದರೆ ಒಂದು ದಿನ ತಪ್ಪಿಸಿದವಳು ಮತ್ತೆ ಬರಲು ನಾಚುವಳು. ಆದಕಾರಣ ಒಂದೊಂದು ಪಾಠವೂ ಅಂದೇ ತೊಡಗಿ ಅಂದೇ ಮುಗಿದು, ಮನೆಗೆ ಹೋಗುವಾಗ ಒಂದು ಕೆಲಸವನ್ನಾದರೂ ಮಾಡಬಲ್ಲೆನೆಂಬಂತಿರಬೇಕು. ಹಳೆಯ ಪದಗಳು ಹೊಸ ಸಂದರ್ಭಗಳಲ್ಲಿ ಮರಳಿ ಮರಳಿ ಬರುತ್ತಿರಬೇಕು. ಅನುಭವಸ್ಥರಾದ ಉಪಾಧ್ಯಾಯರು ಈ ಗೈರುಹಾಜರಿಯನ್ನೇ ಪಾಠವಾಗಿ ಮಾಡಿಕೊಳ್ಳುವುದುಂಟು. ಹಿಂದಿನ ವಾರ ಬಂದವಳನ್ನೂ ಬಾರದವಳನ್ನೂ ಎದುರುಬದುರಾಗಿ ಕುಳ್ಳಿರಿಸಿ, ಬಾರದವಳು ಏನು ನಡೆಯಿತೆಂದು ಕೇಳಬೇಕು, ಬಂದವಳು ಹೇಳಬೇಕು ಎಂದು ಬಿಡುವರು. ಒಬ್ಬಳ ಭಾಷೆ ಕನ್ನಡ, ಇನ್ನೊಬ್ಬಳದು ಸ್ಪ್ಯಾನಿಷ್. ಇಬ್ಬರಿಗೂ ಸಮಾನವಾದುದು ಇಂಗ್ಲಿಷಿನ ಆ ಇಪ್ಪತ್ತು ಮಾತುಗಳೇ. ಒಬ್ಬಳಿಗೆ ತಿಳಿಯದ ಸಂಗತಿಯು ಇನ್ನೊಬ್ಬಳಿಗೆ ನಿಜವಾಗಿಯೂ ತಿಳಿದಿರುವುದರಿಂದ ಅವರು ಆಡುವುದು ಒಪ್ಪಿಸುವ ಪಾಠವಾಗದೆ ಮಾತುಕತೆಯೇ ಆಗುತ್ತದೆ.